‘ನಿಮ್ದು ಮೂಲ ಯಾವ್ದ್ರಿ?’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಊರಿನ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಬರುವವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ರಾಯಚೂರಿನ ನನ್ನ ಕೊಠಡಿಗೆ 2025ರ ಮಳೆಗಾಲದಲ್ಲಿ 27 ವರ್ಷದ ಸ್ಟಾಫ್ ನರ್ಸ್ ಒಬ್ಬಳು ಬಂದಳು. ನಿದ್ದೆ ಇರಲಿಲ್ಲ, ತಲೆನೋವಿತ್ತು, ಭಾನುವಾರ ಬೆಳಿಗ್ಗೆ ಮಾತ್ರ ಹೊಟ್ಟೆ ತೊಳಸುತ್ತಿತ್ತು. ಪರೀಕ್ಷಿಸಿದ ವೈದ್ಯರು ದೇಹದಲ್ಲಿ ದೋಷವಿಲ್ಲವೆಂದು ಹೇಳಿ ನನ್ನ ಬಳಿಗೆ ಕಳುಹಿಸಿದ್ದರು. ‘ಭಾನುವಾರ ಮಾತ್ರ’ ಎಂಬುದನ್ನು ಕಡತದಲ್ಲಿ ಬರೆದುಕೊಂಡ ನಾನು, ಅದೇಕೆ ಎಂದು ಕೇಳಲಿಲ್ಲ. ಮದುವೆಯ ಮಾತುಕತೆ ಮುರಿದುಬಿದ್ದ ದುಃಖವೆಂದು ತಿಳಿದು ಮೊದಲ ಎರಡು ಭೇಟಿಗಳನ್ನು ಅದರಲ್ಲೇ ಕಳೆದೆ.

ಮಾತುಕತೆ ಮುರಿದದ್ದು ನಿಜವೇ. ಆಕೆಯ ಅಜ್ಜ ಸಿಂಧನೂರು ಕಡೆಯ ಹಳ್ಳಿಯೊಂದರ ಮಾದಿಗರ ಕೇರಿಯಲ್ಲಿದ್ದಾಗ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ತಂದೆ ಈಗ ಸಭೆಯ, ಅಂದರೆ ಅವರ ಚರ್ಚಿನ, ಹಿರಿಯರಲ್ಲೊಬ್ಬರು. ವರನ ಮನೆಯವರದೂ ಅದೇ ಸಭೆ, ಆದರೆ ಅವರು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದಿಂದ ಬಂದು ವಲಸಿಗರ ಕ್ಯಾಂಪಿನಲ್ಲಿ ನೆಲೆಸಿದ, ಹಿಂದಿನಿಂದಲೂ ಹೊಲಗದ್ದೆಯಿದ್ದ ಜಾತಿಯಿಂದ ಕ್ರೈಸ್ತರಾದವರು. ಹೆಣ್ಣು ನೋಡಲು ಬಂದ ದಿನ ಹುಡುಗನ ದೊಡ್ಡಪ್ಪ ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ “ನಿಮ್ದು ಮೂಲ ಯಾವ್ದ್ರಿ?” ಎಂದು ಕೇಳಿದರು. ತಂದೆ ಹಳ್ಳಿಯ ಹೆಸರು ಹೇಳಿದರು. ಕೇಳಿದ್ದು ಊರನ್ನಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಕಪ್ಪು ತುಂಬಿದ್ದಂತೆಯೇ ಒಳಗೆ ಹೋಯಿತು. ವಾರದ ನಂತರ ಫೋನ್ ಬಂತು: ಪ್ರಾರ್ಥನೆ ಮಾಡಿ ನೋಡಿದೆವು, ದೇವರ ಸಮ್ಮತಿ ಸಿಗಲಿಲ್ಲ.

ಮೂರನೆಯ ಭೇಟಿಯಲ್ಲಿ ಆಕೆಯ ಸಿಟ್ಟು ಯಾರ ಮೇಲಿದೆ ಎಂಬುದು ನನಗೆ ತಿಳಿಯಿತು. ವರನ ಕಡೆಯವರಿಗಿಂತ ಹೆಚ್ಚಾಗಿ ಅದು ತಂದೆಯ ಮೇಲಿತ್ತು. “ಸಭಿಯೊಳಗ ಈ ಮಾತು ಎತ್ತಬ್ಯಾಡ, ಸಭಿ ಒಡೀತದ” ಎಂದು ಅವರು ಮಗಳ ಬಾಯಿ ಮುಚ್ಚಿಸಿದ್ದರು. ಅಮೆರಿಕದ ವರ್ಣಭೇದ ಕೊನೆಗಾಣಲೆಂದು ಇದೇ ಸಭೆ ಒಂದು ಭಾನುವಾರ ಮೊಣಕಾಲೂರಿ ಪ್ರಾರ್ಥಿಸಿತ್ತು. ಹಾಡಿನ ತಂಡದಲ್ಲಿ ನಿಂತು ಆಕೆಯೂ ‘ಆಮೆನ್’ ಅಂದಿದ್ದಳು. ಮಾತಿನ ನಡುವೆ ಆಕೆ ಇದ್ದಕ್ಕಿದ್ದಂತೆ ನನ್ನನ್ನೇ ಕೇಳಿದಳು: “ಸರ್, ನಿಮ್ದು ಮೂಲ ಯಾವ್ದ್ರಿ?” ನಾನೂ ಕ್ರೈಸ್ತ, ಬಳ್ಳಾರಿ ಕಡೆಯವನು, ಜಮೀನಿದ್ದ ಮನೆತನದವನು. ಉತ್ತರ ಹೇಳಲು ನನಗೆ ಮುಜುಗರವಾಗಿ ಕೆಲವು ಕ್ಷಣ ಸುಮ್ಮನಾದೆ. ಆಮೇಲೆ ಇದ್ದದ್ದನ್ನು ಹೇಳಿ, ಈ ಪ್ರಶ್ನೆಯನ್ನು ನನಗೆ ಇದುವರೆಗೆ ಯಾರೂ ಕೇಳಿರಲಿಲ್ಲವೆಂದೂ ಒಪ್ಪಿಕೊಂಡೆ. ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಅಲ್ಲಿಂದ.

ಆಕೆಗೆ ನಾನು ಮೊದಲು ಹೇಳಿದ್ದು ಕ್ಷಮೆಯ ಮಾತನ್ನಲ್ಲ. ನಮ್ಮವರು ಇಂಥ ಗಾಯದ ಮೇಲೆ ತಕ್ಷಣ ಕ್ಷಮೆಯ ವಚನವನ್ನು ಅಂಟಿಸುತ್ತಾರೆ. ಏನಾಯಿತೆಂದು ಯಾರೂ ಹೆಸರಿಟ್ಟು ಹೇಳದಿರುವಾಗ ಕ್ಷಮಿಸುವುದು ಯಾವುದನ್ನು? ಹಾಗಾಗಿ ನಡೆದದ್ದು ‘ದೇವರ ಅಸಮ್ಮತಿ’ ಅಲ್ಲ, ಜಾತಿಯ ಕಾರಣಕ್ಕೆ ಆದ ನಿರಾಕರಣೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ತನ್ನ ಕೈಯಾರೆ ಬರೆಯಲು ಹೇಳಿದೆ. ಮುಂದಿನ ವಾರ ಆಕೆ ನೋಟ್‌ಬುಕ್ಕಿನ ಜೊತೆಗೆ ಇನ್ನೊಂದು ಕಾಗದವನ್ನೂ ತಂದಳು. ತಂದೆಯ ಕಬ್ಬಿಣದ ಟ್ರಂಕಿನಲ್ಲಿದ್ದ, ಮಡಿಕೆಯಲ್ಲಿ ಹರಿಯತೊಡಗಿದ್ದ ಆಕೆಯ ಪ್ರವರ್ಗ–1ರ ಪ್ರಮಾಣಪತ್ರ ಅದು. ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕ ಸರ್ಕಾರ ಪ್ರವರ್ಗ–1ರಲ್ಲಿ ಇರಿಸಿದೆ, ಇತರ ಕ್ರೈಸ್ತರು 3ಬಿಗೆ ಸೇರುತ್ತಾರೆ. ನರ್ಸಿಂಗ್ ಸೀಟು ಸಿಕ್ಕಿದ್ದು ಆ ಕಾಗದದಿಂದಲೇ. ಮನೆಯಲ್ಲಿ ಯಾರೂ ಉಚ್ಚರಿಸದ ಮಾತನ್ನು ಅದು ಇಷ್ಟು ವರ್ಷ ಟ್ರಂಕಿನೊಳಗೆ ಕಾಪಾಡಿಕೊಂಡು ಬಂದಿತ್ತು.

ಕಾನೂನಿನ ದಾರಿ ಇದೆಯೇ ಎಂದೂ ಆಕೆ ಕೇಳಿದಳು. ಸಂಬಂಧ ಬೇಡವೆನ್ನುವುದು ಅಪರಾಧವಲ್ಲ. ಅದಿರಲಿ, ಯಾರು ಪರಿಶಿಷ್ಟ ಜಾತಿಯವರೆಂದು ಗೊತ್ತುಪಡಿಸುವ 1950ರ ಆದೇಶ ಆರಂಭದಲ್ಲಿ ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಅನ್ವಯಿಸುತ್ತಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ಕ್ರೈಸ್ತರು ಇಂದಿಗೂ ಹೊರಗಿದ್ದಾರೆ. 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಈ ಸ್ಥಾನಮಾನಕ್ಕೇ ಅಂಟಿಕೊಂಡಿರುವುದರಿಂದ ಅದೂ ಇವರಿಗೆ ದೊರೆಯದು. ಧರ್ಮ ಬದಲಾಯಿತು, ಜಾತಿ ಹೋಯಿತು ಎಂದು ಕಾನೂನು ಭಾವಿಸುತ್ತದೆ. ಸಭೆಯೂ ಹಾಗೆಂದೇ ಹೇಳುತ್ತದೆ. ಹೋಗಿಲ್ಲವೆಂದು ಬಲ್ಲವಳು ಚಹಾ ಕೊಟ್ಟ ಹುಡುಗಿ ಒಬ್ಬಳೇ ಎಂಬಂತಾಗಿತ್ತು.

ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಗಿ ಗಣತಿದಾರರು ಆಕೆಯ ಮನೆಗೂ ಬಂದರು. ಜಾತಿ ಕೇಳಿದಾಗ ತಂದೆ “ಕ್ರಿಶ್ಚಿಯನ್, ಅಷ್ಟ ಬರ್ಕೊಳ್ರಿ” ಎಂದು ಬಾಗಿಲಲ್ಲೇ ಮಾತು ಮುಗಿಸಿದರು. ಅಂದು ರಾತ್ರಿ ಮನೆಯಲ್ಲಿ ಜಗಳವಾಯಿತು. ಆಗ ನಾನು ಕೊಟ್ಟ ಸಲಹೆ ಇಷ್ಟೇ: “ಯಾಕೆ ಮುಚ್ಚಿಟ್ಟಿರಿ ಎಂದು ಕೇಳಬೇಡಿ, ನಿಮಗೆ ಏನಾಗಿತ್ತು ಎಂದು ಕೇಳಿ.” ಅದಕ್ಕೆ ಮೂರು ವಾರ ಹಿಡಿಯಿತು. ಚಿಕ್ಕಂದಿನಲ್ಲಿ ಊರ ಹೋಟೆಲಿನ ಚಪ್ಪರಕ್ಕೆ ಸಿಕ್ಕಿಸಿಟ್ಟಿದ್ದ ಬೇರೆ ಲೋಟವನ್ನು ತಾನೇ ತೊಳೆದು ಚಹಾ ಕುಡಿಯುತ್ತಿದ್ದುದನ್ನು ತಂದೆ ಮೊದಲ ಬಾರಿ ಮಗಳಿಗೆ ಹೇಳಿದರು. ಆ ಹೆಸರನ್ನು ತಾನು ಆಡದಿದ್ದರೆ ಮಕ್ಕಳಿಗೆ ಆ ಲೋಟ ಕಾಣದು ಎಂದು ಅವರು ನಂಬಿದ್ದರು. ಅವರ ಮೌನವನ್ನು ಹೇಡಿತನವೆಂದು ಎಣಿಸಿದ್ದ ನನಗೂ ಇದು ಪಾಠವಾಯಿತು.

ಮುಂದಿನ ಭೇಟಿಗೆ ತಂದೆಯೂ ಬಂದರು. ಹಿರಿಯರ ಸಭೆಯಲ್ಲಿ ಹೇಗೆ ಮಾತನಾಡಬೇಕೆಂದು ಮೂವರೂ ಕೂತು ಯೋಚಿಸಿದೆವು. ವರನ ಮನೆಯವರ ಹೆಸರೆತ್ತಬಾರದು, ಯಾರಿಂದಲೂ ಕ್ಷಮೆ ಕೇಳಿಸಬಾರದು, ಒಂದೇ ಬೇಡಿಕೆ ಇಡಬೇಕು ಎಂದು ಸೂಚಿಸಿದೆ: ಜಾತಿಯ ಬಗ್ಗೆ ಸಭೆಯೊಳಗೆ ಬಹಿರಂಗವಾಗಿ ಮಾತನಾಡಲು ಒಂದು ದಿನ ಗೊತ್ತುಮಾಡಲಿ. “ಜಾತಿ ಬಗ್ಗೆ ಮಾತಾಡಿದ್ರ ಜಾತಿ ಬೆಳೀತದ ಅಂತಾರ್ರಿ” ಎಂದರು ತಂದೆ. ಅದಕ್ಕೆ ಸತ್ಯವೇದದಲ್ಲಿ (ಬೈಬಲ್) ಅಪೊಸ್ತಲರ, ಅಂದರೆ ಯೇಸುವಿನ ಶಿಷ್ಯರ, ಕೃತ್ಯಗಳ 6ನೆಯ ಅಧ್ಯಾಯವನ್ನು ತೆಗೆದೆವು. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಅನ್ಯಾಯವಾಗುತ್ತಿದೆಯೆಂಬ ಗೊಣಗಾಟ ಎದ್ದಾಗ, ಬಾಯಿ ಮುಚ್ಚಿರಿ, ಸಭೆ ಒಡೆಯುತ್ತದೆ ಎಂದು ಅಪೊಸ್ತಲರು ಹೇಳಲಿಲ್ಲ. ಎಲ್ಲರನ್ನೂ ಕರೆದು ಏಳು ಜನರನ್ನು ಆರಿಸಲು ಹೇಳಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ ಎಂಬುದನ್ನು ತೋರಿಸಿದಾಗ ತಂದೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಮತ್ತೊಮ್ಮೆ ಎಣಿಸಿದರು. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಊಟದ ಪಂಕ್ತಿಯಿಂದ ಹಿಂದೆ ಸರಿದ ಅಪೊಸ್ತಲ ಪೇತ್ರನನ್ನು ಪೌಲನು ಅಂತಿಯೋಕ್ಯದಲ್ಲಿ ಎಲ್ಲರ ಮುಂದೆಯೇ ಪ್ರಶ್ನಿಸಿದ ಪ್ರಸಂಗವನ್ನೂ ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಓದಿದೆವು.

ಅಮೆರಿಕಕ್ಕಾಗಿ ಪ್ರಾರ್ಥಿಸಿದ ಸಭೆಗೆ ಹೇಳಬಹುದಾದ ಇನ್ನೊಂದು ಸಂಗತಿಯನ್ನೂ ಕೊಟ್ಟೆ. ಪಾಸ್ಟರ್ ಆಗಿದ್ದ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಶಾಲೆಯೊಂದರಲ್ಲಿ ದಲಿತ ಮಕ್ಕಳೆದುರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧುವೆಂದು ಪರಿಚಯಿಸಲಾಯಿತು. ಮೊದಲು ಬೇಸರವಾಗಿ, ಬಳಿಕ ತನ್ನ ಜನರ ಸ್ಥಿತಿಯನ್ನು ನೆನೆದು ಆ ಮಾತು ಸತ್ಯವೇ ಎಂದು ಒಪ್ಪಿಕೊಂಡದ್ದನ್ನು ಅವರು 1965ರಲ್ಲಿ ತಮ್ಮ ಸಭೆಯ ಮುಂದೆಯೇ ಹೇಳಿದರು. ಬಣ್ಣ ಮತ್ತು ಜಾತಿ ಒಂದೇ ಅಲ್ಲ. ಆದರೆ ದೂರದ ಪಾಪವನ್ನು ಹೆಸರಿಸಿ ಹತ್ತಿರದ್ದನ್ನು ಹೆಸರಿಸದ ಪ್ರಾರ್ಥನೆ ಯಾರಿಗೆ ಕೇಳಿಸಲೆಂದು ಮಾಡಿದ್ದು ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಬುಧವಾರದ ಪ್ರಾರ್ಥನೆಯ ನಂತರ ಹಿರಿಯರು ಅರ್ಧ ಗಂಟೆ ಕೊಟ್ಟರು. ಮಾತನಾಡಿದ್ದು ಮಗಳಲ್ಲ, ತಂದೆ; ಹೋಟೆಲಿನ ಲೋಟದಿಂದಲೇ ಶುರು ಮಾಡಿದರಂತೆ. ಇಬ್ಬರು ಹಿರಿಯರು ತುಟಿ ಬಿಚ್ಚಲಿಲ್ಲ, ಒಬ್ಬರು ನಡುವೆ ಎದ್ದು ಹೋದರು. ಪಾಸ್ಟರ್ ಮಾತ್ರ ಆ ಎರಡು ಭಾಗಗಳನ್ನು ಸತ್ಯವೇದ ಅಧ್ಯಯನಕ್ಕೆ ಇಟ್ಟುಕೊಳ್ಳಲು ಒಪ್ಪಿದ್ದಾರೆ, ದಿನ ಇನ್ನೂ ಗೊತ್ತಾಗಿಲ್ಲ. ವರನ ಮನೆಯವರು ಎಂದಿನಂತೆ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಆಕೆಗೆ ಈಗ ನಿದ್ದೆ ಬರುತ್ತಿದೆ. ಹೊಟ್ಟೆ ತೊಳಸುವುದು ಕಡಿಮೆಯಾಗಿದೆಯಾದರೂ ನಿಂತಿಲ್ಲ. ಹಾಡಿನ ತಂಡಕ್ಕೆ ಆಕೆ ಮರಳಿಲ್ಲ, ನಾನೂ ಒತ್ತಾಯಿಸಿಲ್ಲ. ಮುಂದಿನ ಭೇಟಿಗೆ ತಮ್ಮನನ್ನೂ ಕರೆತರುವುದಾಗಿ ಹೇಳಿದ್ದಾಳೆ. ಟ್ರಂಕಿನ ಕಾಗದವನ್ನು ಅವನು ಇನ್ನೂ ನೋಡಿಲ್ಲವಂತೆ.