ಅನುಶ್ರೀ ಬಂದ್ರೆ ಚಪ್ಪಾಳೆ, ಅಜ್ಜ ಬಂದ್ರೆ ಸುಮ್ನೆ

ಪ್ರಶ್ನೆ: ಅಕ್ಕಾ, ಮಗಳಿಗೆ ಈಗ 22 ತಿಂಗಳು. ಜೀ ಕನ್ನಡದಲ್ಲಿ ಸರಿಗಮಪ ಹಾಕಿ ಅನುಶ್ರೀ ಬಂದ್ರೆ ಸಾಕು, ಬಾಯಲ್ಲಿರೋ ಗಂಜಿ ಹಂಗೇ ಇಟ್ಕೊಂಡು ಚಪ್ಪಾಳೆ ಹೊಡೀತಾಳೆ, "ಅನುಚೀ" ಅಂತಾಳೆ, ತೋಟದಿಂದ ಅಜ್ಜ ಬಂದ್ರೆ ತಿರುಗಿನೂ ನೋಡಲ್ಲ. ಟಿವಿ ನೋಡಿ ಮಾತು ಕಲೀತಿದಾಳೆ ಅಂತ ಖುಷಿ ಪಡ್ಲೋ, ಹೆದರ್ಲೋ? (ನಂಗೂ ಅನುಶ್ರೀ ಅಂದ್ರೆ ಇಷ್ಟ, ಅದು ಬೇರೆ ಮಾತು.)
ಒಬ್ಬ ತಾಯಿ, ಶಿರಸಿ

ಉತ್ತರ: ಹೆದರ್ಬೇಡ ತಂಗಿ. ಬಣ್ಣದ ಬಟ್ಟೆ, ನಗು, ವಾರವಾರ ಅದೇ ದನಿ, ಮುಖ ನೆನಪಿಡೋಕೆ ಮಕ್ಕಳಿಗೆ ಅಷ್ಟು ಸಾಕು. ಆದ್ರೆ ಮಾತು ಕಲಿಯೋದು ಬೇರೆ. ಮಗು "ಕಾಕೆ" ಅಂದಾಗ ನೀನು "ಹೌದೇ, ಕಾಕೆ ಹಪ್ಪಳ ಕಚ್ಕೊಂಡು ಹೋಯ್ತು ನೋಡು" ಅಂತೀಯಲ್ಲ, ಆ ತಿರುಗಿ ಬರೋ ಮಾತಲ್ಲೇ ಕಲಿಕೆ ಇರೋದು, ಅನುಶ್ರೀ ಎಷ್ಟೇ ಪಟಪಟ ಮಾತಾಡಿದ್ರೂ ನಿನ್ನ ಮಗಳು ಹೇಳಿದ್ದು ಅವರಿಗೆ ಕೇಳಲ್ವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಒಂದು ವರ್ಷದ ಮಕ್ಕಳಿಗೆ ಟಿವಿ ಬೇಡ, 2 ತುಂಬಿದ ಮೇಲೆ ದಿನಕ್ಕೆ ಹೆಚ್ಚೆಂದ್ರೆ 1 ಗಂಟೆ, ಕಮ್ಮಿಯಾದಷ್ಟೂ ಒಳ್ಳೇದು.

ಊಟದ ಹೊತ್ತಿಗಂತೂ ಬಂದ್ ಮಾಡು, ಎರಡು ದಿನ ರಂಪ ಮಾಡ್ತಾಳೆ, ಮಾಡ್ಲಿ. ಅಜ್ಜ ಅಂಗಳದಲ್ಲಿ ಅಡಿಕೆ ಹರವುವಾಗ ಪಕ್ಕ ಕೂರ್ಸು (ಬಾಯಿಗೆ ಹಾಕ್ದಂಗೆ ನೋಡ್ಕೋ, ಗಂಟಲಿಗೆ ಸಿಕ್ಕುತ್ತೆ). 2 ತುಂಬಿದ್ರೂ "ಆಯಿ ಬಾ" ಥರ ಎರಡು ಶಬ್ದ ಜೋಡಿಸ್ತಿಲ್ಲ ಅಂದ್ರೆ ಮಕ್ಕಳ ಡಾಕ್ಟರಿಗೆ ತೋರ್ಸು, ಕಿವಿ ಟೆಸ್ಟೂ ಮಾಡ್ಸು. ಸರಿಗಮಪ ನೀನು ನೋಡು, ಅವಳು ಮಲಗಿದ ಮೇಲೆ.