ಬೊಹೀಮಿಯನ್ ರಾಪ್ಸೊಡಿ ಹಾಡು ಅಷ್ಟು ಹೆಸರು ಮಾಡಿದ್ದು ಹೇಗೆ? ಇಂಗ್ಲಿಷ್ ಬರದಿದ್ದರೂ ಕೇಳಬಹುದಾ?

ಧಾರಾಳವಾಗಿ ಕೇಳಬಹುದು. ನಾನು ಕೇಳಿದ್ದೇ ಹಾಗೆ. ಇಂಗ್ಲೆಂಡಿನ ಕ್ವೀನ್ ಅನ್ನುವ ರಾಕ್ ಬ್ಯಾಂಡಿನ ಈ ಹಾಡು ನಡುವೆ ಇದ್ದಕ್ಕಿದ್ದಂತೆ ನಾಟಕದ ಥರ ಆಗಿಬಿಡುತ್ತದೆ, ಜನ ಇದನ್ನು ಹೇಗೆ ಒಪ್ಪಿಕೊಂಡರು ಅಂತಲೂ ಕೇಳಿದ್ದೀರಿ. ಗೊತ್ತಿರುವಷ್ಟು ಹೇಳುತ್ತೇನೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ಒಂದು ದಿನ ಊಟದ ಹೊತ್ತಿನಲ್ಲಿ ಮೆಷಿನ್ ಎಲ್ಲ ನಿಂತಿದ್ದವು. ಫೋನಿನಲ್ಲಿ ಜೋರಾಗಿ ಈ ಹಾಡು ಹಾಕಿದ್ದೆ. ಪಕ್ಕದ ಮೆಷಿನ್ನಿನ ಗೆಳೆಯ ತಟ್ಟನೆ ತಲೆ ಎತ್ತಿ, "ಏ, ಬಿಸ್ಮಿಲ್ಲಾ ಅಂದ್ನಲ್ಲ!" ಅಂದ. ಅವನು ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸುವಾಗ ಹೇಳುವ ಮಾತು ಅದು. ತಿರುಗಿ ಹಾಕಿ ಕೇಳಿದೆವು. ಹೌದು, ಬಿಸ್ಮಿಲ್ಲಾನೇ. ಮೂರು ಸಲ ಬರುತ್ತದೆ.

ಬರೆದು ಹಾಡಿದ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆಯವರು. ಹುಟ್ಟಿದ್ದು 1946ರಲ್ಲಿ, ಆಫ್ರಿಕಾ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ. ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ಗೆಳೆಯರ ಜೊತೆ ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ. ಹಾಡಿನಲ್ಲಿ ಒಬ್ಬ ಹುಡುಗ ಕೊಲೆ ಮಾಡಿಬಿಟ್ಟು ತಾಯಿಯ ಹತ್ತಿರ ಹೇಳಿಕೊಂಡು ಅಳುತ್ತಾನೆ. ಅದರಾಚೆ ಏನು ಅರ್ಥ ಅಂತ ಫ್ರೆಡ್ಡಿ ಕೊನೆವರೆಗೂ ಬಿಡಿಸಿ ಹೇಳಲಿಲ್ಲ.

ನನಗೆ ಜಾಸ್ತಿ ಇಷ್ಟ ರೆಕಾರ್ಡಿಂಗ್ ಕಥೆ. 1975ರ ಆಗಸ್ಟಿನಲ್ಲಿ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೊದಲ್ಲಿ ಶುರುವಾಯಿತು. ನಡುವಿನ ಆಪೆರಾ ಭಾಗ, ಅಂದರೆ ಮಾತನ್ನೆಲ್ಲ ಹಾಡಿಯೇ ಆಡುವ ಯುರೋಪಿನ ನಾಟಕದ ಥರದ ಭಾಗ, ಕೇಳಿದರೆ ನೂರು ಜನ ನಿಂತು ಹಾಡಿದ ಹಾಗಿದೆ, ಅಲ್ವಾ? ಹಾಡಿದ್ದು ಮೂರೇ ಜನ. ಫ್ರೆಡ್ಡಿ, ಗಿಟಾರಿನ ಬ್ರಯಾನ್ ಮೇ, ಡ್ರಮ್ಸಿನ ರೋಜರ್ ಟೇಲರ್. ಆ ಕಿವಿ ಸೀಳುವ ಮೇಲಿನ ದನಿ ಡ್ರಮ್ಸಿನವರದು! ಆಗ ಇದ್ದದ್ದು 24 ಟ್ರ್ಯಾಕಿನ ಟೇಪ್, ಅಂದರೆ ಒಂದೇ ಟೇಪಿನಲ್ಲಿ ಬೇರೆ ಬೇರೆಯಾಗಿ ದನಿ ತುಂಬಲು 24 ಸಾಲು ಮಾತ್ರ. ಹಾಡಬೇಕು, ಹಾಡಿದ್ದನ್ನೆಲ್ಲ ಒಟ್ಟು ಸೇರಿಸಿ ಜಾಗ ಮಾಡಿಕೊಳ್ಳಬೇಕು, ಅದರ ಮೇಲೆ ಮತ್ತೆ ಹಾಡಬೇಕು. ಆ ಒಂದು ಭಾಗಕ್ಕೇ ಸುಮಾರು ಮೂರು ವಾರ ಹಿಡಿಯಿತು. ಓಡಿ ಓಡಿ ಟೇಪ್ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು ಅಂತ ಬ್ರಯಾನ್ ಮೇ ಹೇಳಿದ್ದಾರೆ. ಓದಿದ ಕೂಡಲೇ ನನಗೆ ವಾಷಿಂಗ್ ಯೂನಿಟ್ ನೆನಪಾಯಿತು. ವಾಶ್ ಜಾಸ್ತಿಯಾದ ಪ್ಯಾಂಟಿನ ಮೊಣಕಾಲನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ನೀಲಿ ದಾರ ಹೋಗಿ ಬಿಳಿ ಎಳೆ ಮಾತ್ರ ಉಳಿದಿರುತ್ತದೆ, ಒಳಗೆ ಕೈ ಇಟ್ಟರೆ ಬೆರಳು ಕಾಣುತ್ತದೆ. ಒಂದು ಹಾಡಿಗೆ ಅಷ್ಟು ಸಲ ಕೈ ಹಾಕಿದ್ದಾರೆ ಅಂದರೆ ನೋಡಿ.

ಹಾಡು 5 ನಿಮಿಷ 55 ಸೆಕೆಂಡು. ಪಲ್ಲವಿ ಅಂತ ತಿರುಗಿ ಬರುವುದೇ ಇಲ್ಲ. ಇಷ್ಟುದ್ದ ಇದ್ದರೆ ರೇಡಿಯೊದವರು ಹಾಕಲ್ಲ ಅಂತ ರೆಕಾರ್ಡ್ ಕಂಪನಿಯವರು ಅಡ್ಡ ಬಂದರು. ಬ್ಯಾಂಡಿನವರು ಕತ್ತರಿ ಹಾಕಲು ಬಿಡಲಿಲ್ಲ. ಲಂಡನ್ನಿನ ಕ್ಯಾಪಿಟಲ್ ರೇಡಿಯೊದಲ್ಲಿ ಹಾಡು ಹಾಕುತ್ತಿದ್ದ ನಿರೂಪಕ ಕೆನ್ನಿ ಎವೆರೆಟ್ ಅವರಿಗೆ ಒಂದು ಪ್ರತಿ ಕೊಟ್ಟು, ಹಾಕಬೇಡಿ ಅಂದಿದ್ದರು. ಅವರು ಎರಡೇ ದಿನದಲ್ಲಿ 14 ಸಲ ಹಾಕಿದರು! ಜನ ಅಂಗಡಿಗೆ ಹೋಗಿ ಕೇಳಿದರೆ ರೆಕಾರ್ಡು ಇನ್ನೂ ಬಂದೇ ಇರಲಿಲ್ಲ. ಅಕ್ಟೋಬರ್ 31ಕ್ಕೆ ಬಿಡುಗಡೆಯಾಯಿತು. ಕೆಲವು ವಿಮರ್ಶಕರು ಮೂಗು ಮುರಿದರು. ಆದರೂ ಬ್ರಿಟನ್ನಿನಲ್ಲಿ 9 ವಾರ ನಂಬರ್ ಒನ್. 1991ರ ನವೆಂಬರಿನಲ್ಲಿ ಫ್ರೆಡ್ಡಿ ತೀರಿಕೊಂಡ ಮೇಲೆ ಮತ್ತೆ ಬಿಟ್ಟರು, ಮತ್ತೆ 5 ವಾರ ಮೊದಲ ಸ್ಥಾನ.

ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಾರದು. ಸಿರುಗುಪ್ಪದ ಕಡೆ ನಮ್ಮಜ್ಜನ ಊರಲ್ಲಿ ದೊಡ್ಡಾಟ ರಾತ್ರಿಯಿಡೀ ನಡೆಯುತ್ತಿತ್ತು. ರಾಕ್ಷಸ ಒಂದು ಸಾಲು ಕೂಗಿದರೆ ಹಿಂದೆ ಮೇಳದವರು ಅದನ್ನೇ ಎತ್ತಿಕೊಂಡು ಹಾಡುತ್ತಿದ್ದರು. ಅಳು, ಜಗಳ, ಆರ್ಭಟ ಎಲ್ಲ ಒಂದೇ ಆಟದಲ್ಲಿ. ಉದ್ದ ಆಯ್ತು ಅಂತ ಎದ್ದು ಹೋದವರನ್ನು ನಾನು ನೋಡಿಲ್ಲ. ಈ ಹಾಡಿನಲ್ಲಿ "ಅವನನ್ನು ಬಿಡಿ", "ಬಿಡಲ್ಲ" ಅಂತ ಎರಡು ಗುಂಪು ಕಿತ್ತಾಡುವ ಜಾಗ ಬಂದಾಗೆಲ್ಲ ನನಗೆ ದೊಡ್ಡಾಟದ ಆ ಅಟ್ಟವೇ ಕಣ್ಣಿಗೆ ಕಟ್ಟುತ್ತದೆ.

ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ಗದ್ದಲ ಮುಗಿದು ಪಿಯಾನೊ ಮೆತ್ತಗಾದ ಮೇಲೆ ಸುಮ್ನೆ ನಿಲ್ಲಿಸಿಬಿಡಬೇಡಿ. ಕಟ್ಟಕಡೆಗೆ ಜಾಗಟೆಯ ಒಂದೇ ಏಟು ಇದೆ, ಮೆಲ್ಲಗೆ. ಫೋನಿನ ಸ್ಪೀಕರಿನಲ್ಲಿ ಅದು ನನಗೆ ಎಷ್ಟೋ ತಿಂಗಳು ಕೇಳಿಸಿರಲೇ ಇಲ್ಲ.