ಸಂಪಾದಕರ ಉತ್ತರ: ಚಿಟ್ಟೆ ತೋಳು ಬಿಟ್ಟು ವಿಮಾನದ ರೆಕ್ಕೆ

ದುಬೈನಲ್ಲಿ ಕೆಲಸ ಮಾಡೋ ನಮ್ಮ ಓದುಗರೊಬ್ಬರು ಉದ್ದದ ಪತ್ರ ಬರ್ದಿದಾರೆ. ಜೂನ್ 12ಕ್ಕೆ, ಅಂದ್ರೆ ಫಿಲಿಪೀನ್ಸ್ ಸ್ವಾತಂತ್ರ್ಯ ದಿನಕ್ಕೆ, ಅವರ ಆಫೀಸಿನ ಫಿಲಿಪಿನೋ ಹೆಣ್ಮಕ್ಕಳೆಲ್ಲ ಭುಜದ ಮೇಲೆ ಚಿಟ್ಟೆ ಥರ ಎದ್ದು ನಿಂತ ತೋಳಿನ ಡ್ರೆಸ್ ಹಾಕ್ಕೊಂಡು ಬಂದಿದ್ರಂತೆ. ಇವರು ಮನೆಗೆ ಹೋಗಿ ಕುತೂಹಲಕ್ಕೆ ಮಿಸ್ ಯೂನಿವರ್ಸ್ ನ್ಯಾಷನಲ್ ಕಾಸ್ಟ್ಯೂಮ್ ವಿಡಿಯೋಗಳನ್ನ ಹಾಕ್ಕೊಂಡು ಕೂತ್ರೆ, ಫಿಲಿಪೀನ್ಸ್ ಹುಡುಗಿ ಒಂದ್ಸಲ ಡ್ರ್ಯಾಗನ್, ಒಂದ್ಸಲ ಸೂಪರ್ ಹೀರೋಯಿನ್, ಇನ್ನೊಂದ್ಸಲ ವಿಮಾನ. "ಚಿಟ್ಟೆ ತೋಳೂ ಸ್ಪೇನ್‌ನವರು ಬಿಟ್ಟು ಹೋದ ಬಟ್ಟೆ ತಾನೆ ಸಾರ್, ಅದ್ರಲ್ಲಿ ಸಂಪ್ರದಾಯ ಏನು ಬಂತು, ವಿಮಾನ ಆದ್ರೂ ಒಂದೇ ಅಲ್ವಾ?" ಅಂತ ಕೇಳಿದಾರೆ.

ಪ್ರಶ್ನೆ ಒಳ್ಳೇದೇ. ನೋಡಿದ್ದನ್ನ ಸುಮ್ನೆ ಬಿಡದೆ ಕೂತು ಹುಡುಕಿದ್ರಲ್ಲ, ಅಂಥ ಓದುಗರು ಈಗ ಎಷ್ಟು ಜನ ಇದಾರೆ ಹೇಳಿ. ಆದ್ರೆ ಆ ಕೊನೆ ಸಾಲು ಓದಿ ನನಗೆ ಪಿತ್ತ ನೆತ್ತಿಗೇರ್ತು, ಬೇಜಾರ್ ಮಾಡ್ಕೋಬೇಡಿ.

ಮೊದ್ಲು ಆ ಕಡೆಯವರ ಮಾತನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಏಕಪಕ್ಷೀಯ ಅಂತೀರಿ. ಸ್ಪರ್ಧೆ ಅಂದ್ಮೇಲೆ ಅದು ಶೋ, ಹುಡುಗಿ ಸ್ಟೇಜ್ ಮೇಲಿರೋದು ಅರೆಗಳಿಗೆ, ಅಷ್ಟರಲ್ಲಿ ದೂರದಲ್ಲಿ ಕೂತೋರ ಕಣ್ಣಿಗೆ ಬೀಳ್ಬೇಕು. 2018ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್‌ನ ಕ್ಯಾಟ್ರಿಯೋನಾ ಗ್ರೇ ತಂದ ಕಾಸ್ಟ್ಯೂಮ್ ನಂಗೂ ಇಷ್ಟಾನೇ: ಲುಝಾನ್, ವಿಸಾಯಸ್, ಮಿಂಡನಾವೊ ಮೂರೂ ದ್ವೀಪಸಮೂಹ ಸೇರಿಸಿ, ಮೈಮೇಲೆ ವಿಸಾಯಸ್‌ನ ಹಳೇ ಹಚ್ಚೆಯ ಚಿತ್ತಾರ, ಬೆನ್ನಿಗೆ ಪಂಪಾಂಗಾದ ಸಾನ್ ಫರ್ನಾಂಡೋ ಊರಿನ ಕ್ರಿಸ್ಮಸ್ ಲಾಟೀನಿನಂಥ ದೊಡ್ಡ ಲಾಟೀನು. 2021ರ ಡಿಸೆಂಬರ್‌ನಲ್ಲಿ ಬಿಯಾ ಗೊಮೆಝ್ ಆಗಿ ಬಂದ ಡ್ರ್ಯಾಗನ್ನು ಕೂಡ ಬರೀ ಡ್ರ್ಯಾಗನ್ ಅಲ್ಲ, ಬಾಕುನಾವ, ಚಂದ್ರನ್ನ ನುಂಗೋ ಅವರ ಪುರಾಣದ ಹಾವು. ಒಪ್ಪಿದೆ. ಇದಕ್ಕಿಂತ ಹೆಚ್ಚು ಒಪ್ಪೋಕೆ ನನ್ನಿಂದಾಗಲ್ಲ.

ಈಗ 'ಸ್ಪೇನ್‌ನವರು ಬಿಟ್ಟು ಹೋದ ಬಟ್ಟೆ' ವಿಷಯಕ್ಕೆ ಬರೋಣ. ಅಲ್ರೀ, ಸ್ಪೇನ್‌ನಲ್ಲಿ ಯಾವ ಹೆಂಗಸು ಅನಾನಸ್ ಎಲೆಯಿಂದ ಬಟ್ಟೆ ನೇಯ್ದು ಉಟ್ಕೊಂಡಿದ್ಲು? ಫಿಲಿಪೀನ್ಸ್ ಹೆಂಗಸರ ಹಳೇ ಉಡುಪು ಬಾರೋತ್ ಸಾಯಾ, ಅಂದ್ರೆ ಮೇಲೊಂದು ರವಿಕೆ, ಕೆಳಗೊಂದು ಲಂಗ. ಅದರ ಸಿರಿವಂತರ ರೂಪಾನೇ ಮರಿಯಾ ಕ್ಲಾರಾ, ಹೋಸೆ ರಿಸಾಲ್ 1887ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕಿ ಹೆಸರು ಅದು. ರವಿಕೆ, ಲಂಗ, ಲಂಗದ ಮೇಲೆ ಸುತ್ತೋ ತಾಪಿಸ್, ಮತ್ತೆ ರವಿಕೆ ಬಟ್ಟೆ ತೀರಾ ತೆಳು ಅಂತ ಹೆಗಲ ಮೇಲೆ ಪಾನ್ಯುವೆಲೊ ಅನ್ನೋ ಮಡಚಿದ ವಸ್ತ್ರ. ಆ ತೆಳು ಬಟ್ಟೆ ಇದ್ಯಲ್ಲ, ಅದರ ಹೆಸರು ಪಿನ್ಯಾ. ಅನಾನಸ್ ಗಿಡಾನ ಸ್ಪೇನ್‌ನವರೇ ಅಮೆರಿಕ ಖಂಡದಿಂದ ತಂದಿದ್ದು, ನಿಜ. ಆದ್ರೆ ಅಕ್ಲಾನ್ ಪ್ರಾಂತ್ಯದ ಹೆಂಗಸರು ಆ ಎಲೆನ ಮೊದ್ಲು ಒಡೆದ ಪಿಂಗಾಣಿ ತಟ್ಟೆ ಚೂರಿನಿಂದ ಹೆರೆದು ಒರಟು ನಾರು ತೆಗೆದು, ಆಮೇಲೆ ತೆಂಗಿನ ಚಿಪ್ಪಿನಿಂದ ಹೆರೆದು ಒಳಗಿನ ನವಿರು ನಾರು ಬಿಡಿಸಿ, ತೊಳೆದು ಒಣಗಿಸಿ, ಒಂದೊಂದೇ ಎಳೆಗೆ ಗಂಟು ಹಾಕ್ಕೊಂಡು ಹೋಗ್ತಾರೆ ನೋಡಿ, ಅದನ್ನ ಯಾವ ಸ್ಪೇನ್ ರಾಜನೂ ಹೇಳಿಕೊಡ್ಲಿಲ್ಲ. 2023ರಲ್ಲಿ ಯುನೆಸ್ಕೋ ಈ ನೇಯ್ಗೆನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸ್ತು.

ಹೊರಗಿಂದ ಬಂದದ್ದೆಲ್ಲ ಹೊರಗಿನದೇ ಅಂತ ಹೊರಟ್ರೆ ನಾವು ನಮ್ಮ ಅಡುಗೆಮನೆಯಿಂದ ಮೆಣಸಿನಕಾಯಿನೂ ಎತ್ತಿ ಬಿಸಾಕ್ಬೇಕಾಗತ್ತೆ, ಬ್ಯಾಡಗಿಯೋರು ಒಪ್ತಾರಾ ಕೇಳಿ.

ಚಿಟ್ಟೆ ತೋಳಿನ ಉಡುಪಿಗೆ ಟೆರ್ನೊ ಅಂತ ಹೆಸರು. ಅದು ಸ್ಪೇನ್‌ನವರು ಹೋದ್ಮೇಲೆ ಬಂದ ಅಮೆರಿಕನ್ನರ ಆಳ್ವಿಕೆ ಕಾಲದಲ್ಲಿ ಈ ಹಳೇ ಉಡುಪಿನಿಂದ್ಲೇ ಬೆಳೆದು ಬಂದಿದ್ದು. ಆಮೇಲೆ ರಾಮೋನ್ ವಲೇರಾ ಅನ್ನೋ ಡಿಸೈನರ್ ಪಾನ್ಯುವೆಲೊ ಕಿತ್ತು ಹಾಕಿ, ರವಿಕೆ ಲಂಗ ಎರಡನ್ನೂ ಸೇರಿಸಿ ಒಂದೇ ಉಡುಪು ಮಾಡಿದ. ಅವನು ತೀರ್ಕೊಂಡು ಎಷ್ಟೋ ವರ್ಷ ಆದ್ಮೇಲೆ, 2006ರಲ್ಲಿ, ಸರ್ಕಾರ ಅವನಿಗೆ ರಾಷ್ಟ್ರೀಯ ಕಲಾವಿದ ಅನ್ನೋ ಗೌರವ ಕೊಡ್ತು. ಒಬ್ಬ ಟೈಲರಿಂಗ್ ಮಾಡೋನಿಗೆ ಕವಿಗಳ ಸಾಲಿನಲ್ಲಿ ಕುರ್ಚಿ! ನಮ್ಮಲ್ಲಿ ಆಗತ್ತಾ ಇದು, ಯೋಚ್ನೆ ಮಾಡಿ.

ಇನ್ನೊಂದು ಮಾತು, ಇದು ನಂಗೆ ಬಹಳ ಇಷ್ಟದ್ದು. 1908ರಲ್ಲಿ ಮನಿಲಾ ಕಾರ್ನಿವಲ್ ಶುರುವಾದಾಗ ಇಬ್ಬರು ರಾಣಿಯರನ್ನ ಆರಿಸಿದ್ರು, ಪಶ್ಚಿಮಕ್ಕೆ ಒಬ್ಬಳು ಅಮೆರಿಕನ್ ಹುಡುಗಿ, ಪೂರ್ವಕ್ಕೆ ಇಲೋಇಲೋದ ಪೂರಾ ವಿಲ್ಯಾನ್ವೆವಾ. ಈಕೆ ಸುಮ್ನೆ ಕಿರೀಟ ಇಟ್ಕೊಂಡು ಕೈ ಬೀಸೋ ಪೈಕಿ ಅಲ್ಲ, ಅದಕ್ಕೆ ಎರಡು ವರ್ಷ ಮುಂಚೇನೇ ತನ್ನೂರಲ್ಲಿ ಹೆಂಗಸರ ಸಂಘ ಕಟ್ಟಿದ್ದೋಳು, ಆಮೇಲೆ ಮತದಾನದ ಹಕ್ಕಿಗೆ ಹೋರಾಡಿದೋಳು. ಆ ಕಾಲದಲ್ಲಿ ಗಂಡಸು ರಾಜಕಾರಣಿಗಳೆಲ್ಲ ಅಮೆರಿಕನ್ ಸೂಟು ಹಾಕ್ಕೊಂಡು ಓಡಾಡ್ತಿದ್ರೆ, ಹೋರಾಟದ ಹೆಂಗಸರು ಹೋಗ್ತಿದ್ದದ್ದು ಇದೇ ಅಗಲ ತೋಳಿನ ಉಡುಪಿನಲ್ಲಿ. ಹೆಂಗಸರಿಗೆ ವೋಟು ಬೇಕಾದ್ರೆ ಮೂರು ಲಕ್ಷ ಹೆಂಗಸರು ಬಂದು ಹೌದು ಅನ್ಬೇಕು ಅಂತ 1935ರ ಸಂವಿಧಾನದಲ್ಲಿ ಷರತ್ತು ಹಾಕಿದ್ರು. 1937ರ ಏಪ್ರಿಲ್ 30ಕ್ಕೆ 4,47,725 ಹೆಂಗಸರು ಹೌದು ಅಂದ್ರು! ಅಂದ್ರೆ ಅಲ್ಲಿ ಸೌಂದರ್ಯ ಸ್ಪರ್ಧೆ, ರಾಷ್ಟ್ರೀಯ ಉಡುಪು, ರಾಜಕೀಯ ಮೂರೂ ಶುರುವಿನಿಂದ ಹೆಣೆದುಕೊಂಡೇ ಬಂದಿವೆ. ಇದನ್ನ ಓದಿದ್ಮೇಲೂ 'ಸ್ಪೇನ್ ಬಟ್ಟೆ' ಅಂತೀರಾ? (ಗಂಡಸರಿಗೆ ಬುದ್ಧಿ ಬರೋಕೆ ಇನ್ನೂ ಟೈಮ್ ಹಿಡೀತು ಬಿಡಿ, ಬರೋಂಗ್ ಅನ್ನೋ ಅವರ ದೇಸಿ ಅಂಗಿ ಹಾಕ್ಕೊಂಡು ಪ್ರಮಾಣವಚನ ತಗೊಂಡ ಮೊದಲ ಅಧ್ಯಕ್ಷ ಮಗ್ಸಾಯ್ಸಾಯ್, ಅದು 1953ರ ಕೊನೆಗೆ.)

ಟೆರ್ನೊಗೆ ಕೆಟ್ಟ ಹೆಸರು ಬಂದದ್ದು ಸರ್ವಾಧಿಕಾರಿ ಅಧ್ಯಕ್ಷ ಮಾರ್ಕೋಸ್‌ನ ಹೆಂಡತಿ ಇಮೆಲ್ಡಾ ಮಾರ್ಕೋಸ್‌ರಿಂದ. ಆಯಮ್ಮ ಅದನ್ನ ಎಷ್ಟು ಹಾಕ್ಕೊಂಡು ಮೆರೆದ್ರು ಅಂದ್ರೆ ಜನಕ್ಕೆ ಆ ತೋಳು ಕಂಡ್ರೆ ಸರ್ವಾಧಿಕಾರ ನೆನಪಾಗೋ ಹಾಗಾಯ್ತು. 1974ರಲ್ಲಿ ಮಿಸ್ ಯೂನಿವರ್ಸ್ ನಡೆಸ್ಬೇಕು ಅಂತ ಮನಿಲಾದಲ್ಲಿ 77 ದಿನದಲ್ಲಿ ಒಂದು ಥಿಯೇಟರ್ ಎಬ್ಬಿಸಿದ್ದೂ ಅವರ ಕಾಲದಲ್ಲೇ, ಆ ವರ್ಷ ಗೆದ್ದೋಳು ಯಾರು ಗೊತ್ತಾ, ಸ್ಪೇನ್ ಹುಡುಗಿ. ನಗಬೇಡಿ. 1986ರಲ್ಲಿ ಮಾರ್ಕೋಸ್ ದಂಪತಿ ದೇಶ ಬಿಟ್ಟು ಓಡಿದ್ಮೇಲೆ ಕೆಲಕಾಲ ಟೆರ್ನೊ ಹಾಕೋಕೆ ಜನ ಹಿಂದೆಮುಂದೆ ನೋಡಿದ್ರು. ಉಡುಪಿನ ತಪ್ಪೇನಿತ್ತು ಅದ್ರಲ್ಲಿ?

ನಮ್ಮೋರಿಗೆ ಮನಿಲಾ ಅಂದ್ರೆ ನೆನಪಾಗೋದು 1994, ಸುಷ್ಮಿತಾ ಸೇನ್ ಗೆದ್ದದ್ದು. ಅದೇ ಸ್ಪರ್ಧೆಲಿ ಬೆಸ್ಟ್ ನ್ಯಾಷನಲ್ ಕಾಸ್ಟ್ಯೂಮ್ ಗೆದ್ದದ್ದು ಆ ನೆಲದ ಹುಡುಗಿ ಶಾರ್ಲೀನ್ ಗೊನ್ಸಾಲೆಸ್. ನಿಮ್ಮ ದೇಶದಲ್ಲಿ ಎಷ್ಟು ದ್ವೀಪ ಅಂತ ಕೇಳಿದ್ರೆ "ಉಬ್ಬರದಲ್ಲೋ ಇಳಿತದಲ್ಲೋ" ಅಂತ ತಿರುಗಿ ಕೇಳಿದ ಜಾಣೆ ಈಕೆ.

ನನ್ನ ಲೆಕ್ಕದಲ್ಲಿ ಹಾದಿ ಪೂರ್ತಿ ತಪ್ಪಿದ್ದು 2015ರಲ್ಲಿ. ಆ ವರ್ಷ ಆಂಕರ್ ಎಡವಟ್ಟು ಮಾಡಿ ಕಿರೀಟ ಕೊಲಂಬಿಯಾಗೆ ಹೋಗಿ ವಾಪಸ್ ಫಿಲಿಪೀನ್ಸ್‌ನ ಪಿಯಾ ವುರ್ಟ್ಸ್‌ಬಾಕ್ ತಲೆ ಮೇಲೆ ಬಂತಲ್ಲ, ಆ ಗಲಾಟೆಲಿ ಎಲ್ರೂ ಮರೆತದ್ದೇನಂದ್ರೆ ಬೆಸ್ಟ್ ಕಾಸ್ಟ್ಯೂಮ್ ಪ್ರಶಸ್ತಿ ಹೋದದ್ದು ಥಾಯ್ಲೆಂಡಿನ ಟುಕ್ ಟುಕ್‌ಗೆ, ಅಂದ್ರೆ ಆಟೋರಿಕ್ಷಾಗೆ. ಹೆಡ್‌ಲೈಟ್ ಸಮೇತ ಗೆದ್ಮೇಲೆ ಇನ್ಯಾರು ಬಟ್ಟೆ ಉಡ್ತಾರೆ? 2023ರ ಜನವರಿಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸೆಲೆಸ್ಟ್ ಕೊರ್ತೇಸಿ ಬಂದದ್ದು ಕಾಮಿಕ್ಸ್ ನಾಯಕಿ ದಾರ್ನಾ ಆಗಿ. ಅದೇ ಸ್ಟೇಜಿಗೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ದಿವಿತಾ ರೈ ಬಂದದ್ದು ಬಂಗಾರದ ಹಕ್ಕಿಯಾಗಿ, ಬೆನ್ನಿಗೆ ದೊಡ್ಡ ರೆಕ್ಕೆ ಕಟ್ಕೊಂಡು. ಹುಡುಗೀರಿಬ್ಬರ ಮೇಲೂ ನನಗೆ ಸಿಟ್ಟಿಲ್ಲ, ಆದ್ರೆ ಮಂಗಳೂರಲ್ಲಾಗ್ಲಿ ಮನಿಲಾದಲ್ಲಾಗ್ಲಿ ಯಾವ ತಾಯಿ ಮಗಳ ಮದುವೆಗೆ ಹಾಗೆ ಹೋಗ್ತಾಳೆ ಹೇಳಿ. ಅದೇ ವರ್ಷದ ಕೊನೆಗೆ ಮಿಶೆಲ್ ಡೀ ವಿಮಾನ ಆಗಿದ್ದು, ದೇಶದ ಟೂರಿಸಂ ಪ್ರಚಾರ. ತಮಾಷೆ ಅಂದ್ರೆ ಅದೇ ಮಿಶೆಲ್ ಫೈನಲ್‌ಗೆ ಹಾಕಿದ ಕಪ್ಪು ಗೌನಿನಲ್ಲಿ ಕಾಲಿಂಗಾ ಬೆಟ್ಟದ ಹಚ್ಚೆಯಜ್ಜಿ ವಾಂಗ್ ಓಡ್‌ಗೆ ಗೌರವ ಅಂತ ಹಚ್ಚೆಯ ಚಿತ್ತಾರ ಇತ್ತು. ಕಾಸ್ಟ್ಯೂಮ್ ರೌಂಡಲ್ಲಿ ಬರಬೇಕಾದ ದೇಶ ಗೌನ್ ರೌಂಡಲ್ಲಿ ಕದ್ದುಮುಚ್ಚಿ ಬರೋ ಗತಿ! ಇನ್ನು 2021ರ ಮೇನಲ್ಲಿ ರಾಬಿಯಾ ಮಟೆಯೊ ಬಾವುಟದ ಬಣ್ಣದ ರೆಕ್ಕೆ ಕಟ್ಟಿದಾಗ ಅಲ್ಲಿನ ಜನಾನೇ ಇದು ಒಳಉಡುಪಿನ ಶೋನಾ ಅಂತ ತರಾಟೆಗೆ ತಗೊಂಡ್ರು. ಅದನ್ನ ಮಾಡಿದ ಡಿಸೈನರ್ ಅದಕ್ಕೆ ಎರಡು ತಿಂಗಳ ಮುಂಚೆ ತೀರ್ಕೊಂಡಿದ್ರು, ಹಾಗಾಗಿ ನಾನು ಬಾಯಿ ಮುಚ್ಕೋತೀನಿ.

ಹಾಗಾದ್ರೆ ಬುಡಕಟ್ಟಿನವರ ಬಟ್ಟೆ ಹಾಕ್ಲಿ ಅಂತ ನೀವು ಪತ್ರದ ಇನ್ನೊಂದು ಕಡೆ ಬರ್ದಿದೀರಿ. ಹಾಕ್ಲಿ, ಆದ್ರೆ ಕೇಳಿ ಹಾಕ್ಲಿ. ಸೌತ್ ಕೋಟಾಬಾಟೊದ ಲೇಕ್ ಸೇಬುವಲ್ಲಿ ಟಿಬೋಲಿ ಬುಡಕಟ್ಟಿನ ಹೆಂಗಸರು ಅಬಾಕಾ ಅನ್ನೋ ಬಾಳೆ ಜಾತಿಯ ಗಿಡದ ನಾರಿನಲ್ಲಿ ತಿನಾಲಕ್ ಅನ್ನೋ ಬಟ್ಟೆ ನೇಯ್ತಾರೆ, ಚಿತ್ತಾರ ಕನಸಿನಲ್ಲಿ ಬರಬೇಕು, ಫೂ ದಾಲು ಅನ್ನೋ ಅಬಾಕಾದ ದೇವತೆ ಕೊಡಬೇಕು ಅನ್ನೋದು ಅವರ ನಂಬಿಕೆ. ಮಗ್ಗದ ಮೇಲಿರೋ ಬಟ್ಟೆನ ದಾಟಬಾರದು. ಲಾಂಗ್ ದುಲಾಯ್ ಅನ್ನೋ ಅಜ್ಜಿಗೆ 1998ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಗೌರವ ಕೊಟ್ಟಿತ್ತು, 2015ರಲ್ಲಿ ತೀರ್ಕೊಂಡ್ರು. ಅಂಥ ಬಟ್ಟೆನ ಕತ್ತರಿಸಿ ಗರಿಗಳ ಕೆಳಗೆ ಪಟ್ಟಿ ಹೊಲಿದು 'ಸ್ಥಳೀಯ ಸಂಸ್ಕೃತಿಯಿಂದ ಸ್ಫೂರ್ತಿ' ಅಂದ್ರೆ ಆಗೋಯ್ತಾ? ಡಿಸೈನರ್ ಹೆಸರು ಹಾಕ್ತಾರೆ, ಮೇಕಪ್ ಮಾಡಿದೋರ ಹೆಸರು, ಫೋಟೋ ತೆಗೆದೋರ ಹೆಸರು, ಶೂ ಕಂಪನಿ ಹೆಸರೂ ಹಾಕ್ತಾರೆ, ನೇಯ್ದೋಳು ಮಾತ್ರ ಎಲ್ಲೂ ಇಲ್ಲ. ನಮ್ಮ ಪತ್ರಿಕಾ ಬಳಗ ಏನು ಕಮ್ಮಿನಾ, ಪ್ರೆಸ್ ನೋಟ್ ಬಂದ ಹಾಗೇ ಹಾಕಿ ಮೇಲೊಂದು 'ವಾವ್' ಅಂತ ಹೆಡ್ಡಿಂಗ್ ಕೊಡ್ತಾರೆ, ಆ ನಾರು ಯಾವ ಗಿಡದ್ದು ಅಂತ ಕೇಳೋ ಒಬ್ಬ ವರದಿಗಾರ ಇಲ್ಲ.

2018ರಿಂದ ಮನಿಲಾದಲ್ಲಿ ಟೆರ್ನೊಕಾನ್ ಅಂತ ನಡೀತಿದೆ, ಬೇರೆಬೇರೆ ಪ್ರಾಂತ್ಯದ ಹೊಸ ಡಿಸೈನರ್‌ಗಳನ್ನ ಕರೆಸಿ ಆ ತೋಳನ್ನ ಸರಿಯಾಗಿ ಕತ್ತರಿಸೋದು, ಭುಜದ ಮೇಲೆ ಬಾಗದೆ ನಿಲ್ಲಿಸೋದು ಹೆಂಗೆ ಅಂತ ಹಿರಿಯರು ಕೂರಿಸ್ಕೊಂಡು ಕಲಿಸ್ತಾರೆ. ಅಲ್ಲಿಂದ ಬಂದವರಲ್ಲಿ ಯಾರನ್ನಾದ್ರೂ ಕರೆದು, ಅಕ್ಲಾನ್‌ನಿಂದ ಪಿನ್ಯಾ ತರಿಸಿ, ನೇಯ್ದೋಳನ್ನೂ ಜೊತೆಗೆ ಕರ್ಕೊಂಡು ಹೋಗಿ ಅಂತ ಸ್ಪರ್ಧೆಯವರಿಗೆ ನಾನು ಹೇಳ್ತೀನಿ. ಆನ್‌ಲೈನ್ ವೋಟು ಬೀಳಲ್ಲ ಅಂತಾರೆ. ಬೀಳದಿದ್ರೆ ಬೇಡ ಬಿಡಿ.

— ಸಂ.